ಎಬ್ಬಿಸಿದ ಹಕ್ಕಿಗಳು

ಕನ್ನಡಕದಂಗಡಿಯ ಯಜಮಾನಿಯನ್ನು ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಜೊತೆಯಲ್ಲೇ ಇದ್ದ ನಾದಿನಿ ಹೊತ್ತಿಗೊಮ್ಮೆ ಹಾಗೆ ಕೂಗಿ ಕೂಗಿ, ಆ ಹೆಸರು ಗಿರಾಕಿಗಳ ಬಾಯಿಗೂ ಹತ್ತಿಬಿಟ್ಟಿತ್ತು. ಗಂಡ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದ. ಮುಂದೆ ಕೂತು ಜನರ ಮೂಗಿಗೆ ಫ್ರೇಮು ಹೊಂದಿಸುವುದು, ಸಡಿಲವಾದ ಸ್ಕ್ರೂ ಬಿಗಿ ಮಾಡುವುದು ಅತ್ತಿಗೆಯ ಕೆಲಸ. ದಿನವಿಡೀ ಗೇಣು ದೂರದಲ್ಲಿ ಕಣ್ಣು ನೆಟ್ಟು ಕೂರುವವಳಿಗೆ, ಚಳಿಗಾಲದ ಬೆಳಗ್ಗೆ ಕಡಲ ದಂಡೆಗೆ ಹೋಗಿ ದೂರ ನೋಡುವುದೆಂದರೆ ಎಲ್ಲಿಲ್ಲದ ಖುಷಿ.

ಚಳಿ ಶುರುವಾದರೆ ದಂಡೆ ಖಾಲಿ. ಕೊಡೆ ಬಾಡಿಗೆಯವರು ಕಟ್ಟಿಕೊಂಡು ಹೋಗಿರುತ್ತಾರೆ, ಬೆಂಚುಗಳ ಮೇಲೆ ಮರಳು ಕೂತಿರುತ್ತದೆ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಅತ್ತಿಗೆ ಮುಂದೆ, ಚಹಾದ ಫ್ಲಾಸ್ಕು ಹಿಡಿದು ನಾದಿನಿ ಹಿಂದೆ. ನಾದಿನಿ ಶಾಲೆಯಲ್ಲಿ ಸಂಗೀತ ಕಲಿಸುವವಳು; ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡರೂ ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಮೂಗು ಇದೆಯೋ ಉದುರಿಹೋಯಿತೋ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ, ಅತ್ತಿಗೆಯ ಹುಚ್ಚಿಗೆ ತನ್ನ ನಿದ್ದೆ ಹಾಳಾಯಿತೆಂದು ಗೊಣಗುತ್ತ ಬರುತ್ತಿದ್ದಳು. ಆದರೆ ಒಂದು ದಿನವೂ ತಪ್ಪಿಸಿಕೊಂಡವಳಲ್ಲ.

ಹೊಳೆ ಸಮುದ್ರ ಸೇರುವಲ್ಲಿ ಕರಿಬಂಡೆಗಳು, ಅವುಗಳಾಚೆ ಒಂದು ಮರಳದಿಬ್ಬ. ಉಬ್ಬರ ಬಂದು ಕೆಸರುನೆಲವೆಲ್ಲ ಮುಳುಗಿದಾಗ ಸಣ್ಣ ಬೂದುಬಣ್ಣದ ಹಕ್ಕಿಗಳ ಹಿಂಡು ಆ ದಿಬ್ಬಕ್ಕೆ ಬಂದು ಕೂರುತ್ತಿತ್ತು. ಎಲ್ಲೋ ಹಿಮ ಬೀಳುವ ನಾಡಿನಿಂದ ಹಾರಿ ಬಂದವು. ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನ ಗರಿಗಳೊಳಗೆ ತೂರಿಸಿ, ನೀರು ಇಳಿಯುವವರೆಗೆ ತೂಕಡಿಸುತ್ತಿದ್ದವು. ಅತ್ತಿಗೆ ಬಂಡೆಯ ಮರೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಕಾಯುತ್ತಿದ್ದಳು. ಅಲ್ಲಿಗೆ ಬಂದಮೇಲೆ ನಾದಿನಿಯ ಬಾಯಿಗೂ ಬೀಗ.

ಅತ್ತಿಗೆಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ಹಲ್ಲಿನ ಡಾಕ್ಟರು. ಊರಿನ ಫೋಟೋ ಸಂಘದ ಅಧ್ಯಕ್ಷರು ಅವರೇ. ಉಸಿರು ಬಿಗಿಹಿಡಿದು ಗುಂಡಿ ಒತ್ತುವುದನ್ನು ತೋರಿಸಿಕೊಟ್ಟು, ದೂರದ್ದನ್ನು ಹತ್ತಿರ ತೋರಿಸುವ ತಮ್ಮ ಹಳೆಯ ಲೆನ್ಸನ್ನೂ ಎರವಲು ಕೊಟ್ಟಿದ್ದರು. ಆ ಉಪಕಾರಕ್ಕೆ ಏನು ಕೊಡುವುದೆಂದು ತೋಚದೆ, ಯಾರಿಗೂ ಹೇಳದ ಆ ಜಾಗಕ್ಕೆ ಹಿಂದಿನ ಚಳಿಗಾಲದ ಕೊನೆಯಲ್ಲಿ ಅವರನ್ನು ಕರೆದುಕೊಂಡು ಹೋಗಿದ್ದಳು. ಡಾಕ್ಟರು ಅವಳ ಪಕ್ಕದಲ್ಲೇ ಮಲಗಿ, ಸದ್ದಿಲ್ಲದೆ ನೋಡಿ, ಬೆನ್ನು ತಟ್ಟಿ ಹೋಗಿದ್ದರು.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಬಂಡೆಯ ಹತ್ತಿರ ಬರುವಷ್ಟರಲ್ಲೇ ಗದ್ದಲ ಕೇಳಿಸಿತು. ಸಂಘದವರು ಏಳುತ್ತಿರುವ ಸೂರ್ಯನಿಗೆ ಎದುರಾಗಿ ಸಾಲಾಗಿ ನಿಂತಿದ್ದರು. ಡಾಕ್ಟರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ದಿಬ್ಬದ ಅಂಚಿನಲ್ಲಿದ್ದರು. ಅವರು ಜೋರಾಗಿ ಚಪ್ಪಾಳೆ ತಟ್ಟಿದರು. ಹಿಂಡು ಭರ್ರೆಂದು ಎದ್ದಿತು, ಡಾಕ್ಟರದೂ ಸೇರಿ ಕ್ಯಾಮೆರಾಗಳು ಚಟಪಟ ಎಂದವು. ಹಕ್ಕಿಗಳಿಗೆ ಬೇರೆ ಜಾಗವೆಲ್ಲಿದೆ, ಸುತ್ತು ಹಾಕಿ ಅಲ್ಲೇ ಇಳಿದವು. ಮತ್ತೆ ಚಪ್ಪಾಳೆ. ಚಪ್ಪಾಳೆಗೆ ಜಗ್ಗದಿದ್ದಾಗ ಡಾಕ್ಟರು ಬಾಗಿ ಒಂದು ಕಲ್ಲು ಎತ್ತಿಕೊಂಡರು.

ಅತ್ತಿಗೆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದದ್ದು ಅಭ್ಯಾಸಬಲದಿಂದ. ಕಲ್ಲು ಕೈಬಿಟ್ಟ ಕ್ಷಣಕ್ಕೆ ಅವಳ ಬೆರಳು ಗುಂಡಿ ಒತ್ತಿತ್ತು. ಆಮೇಲೆ ಕ್ಯಾಮೆರಾ ಇಳಿಸಿ, ಬಟ್ಟೆ ಒದ್ದೆಯಾಗುವುದನ್ನೂ ನೋಡದೆ ನೀರಿಗಿಳಿದು ದಿಬ್ಬಕ್ಕೆ ನಡೆದಳು.

"ಡಾಕ್ಟ್ರೇ, ಏನ್ ಮಾಡ್ತಿದ್ದೀರಿ? ಅವು ಮಲಗಿದ್ವು."

ಡಾಕ್ಟರು ನಕ್ಕರು. "ಹಕ್ಕಿ ಅಂದ್ಮೇಲೆ ಹಾರ್ಬೇಕಲ್ಲಮ್ಮ. ನೀವೂ ಒಂದು ತೆಗೀರಿ, ಬೆಳಕು ಚೆನ್ನಾಗಿದೆ."

ಅವಳು ತಿರುಗಿ ದಂಡೆಗೆ ನಡೆದಳು. ಹೇಳಬೇಕಾದದ್ದೆಲ್ಲ ದಾರಿಯುದ್ದಕ್ಕೂ ನಾದಿನಿಯ ಮುಂದೆ ಹೊರಬಿತ್ತು. ಸಾವಿರಾರು ಮೈಲಿ ಹಾರಿ ಬಂದ ಜೀವಕ್ಕೆ ಕಣ್ಣು ಮುಚ್ಚಲು ಒಂದು ಹಿಡಿ ಮರಳು ಸಿಕ್ಕರೆ ಅಲ್ಲಿಂದಲೂ ಎಬ್ಬಿಸುವುದೇ? ಮಲಗಿದ ಮಗುವನ್ನು ಚಿವುಟಿ ಅಳಿಸಿ ಫೋಟೋ ತೆಗೆಯುತ್ತಾರೆಯೇ? ತಾನೇ ಕೈಹಿಡಿದು ಕರೆತಂದು ಜಾಗ ತೋರಿಸಿದೆನಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು. ಮನೆಯಲ್ಲಿ ಗಂಡ ಎಲ್ಲವನ್ನೂ ಕೇಳಿ, ಇಷ್ಟು ಚಿಕ್ಕ ವಿಷಯಕ್ಕೆ ದೊಡ್ಡವರನ್ನು ಎದುರು ಹಾಕಿಕೊಳ್ಳಬೇಡ ಎಂದ. ಚಿಕ್ಕ ವಿಷಯ ಎಂಬ ಮಾತಿಗೆ ಅವಳ ಮೈ ಇನ್ನಷ್ಟು ಉರಿಯಿತು. ಆ ವಾರವಿಡೀ ಉಬ್ಬರದ ಹೊತ್ತಿಗೆ ದಿಬ್ಬ ಬರಿದಾಗಿತ್ತು.

ಸಂಘದ ವಾರ್ಷಿಕ ಪ್ರದರ್ಶನಕ್ಕೆ ಅತ್ತಿಗೆ ಆ ಒಂದು ಚಿತ್ರವನ್ನೇ ಕಳಿಸಿದಳು. ಎದುರಿಗೆ ಕೈಯೆತ್ತಿದ ಡಾಕ್ಟರು, ಗಾಳಿಯಲ್ಲಿ ಕಲ್ಲು, ಅದರಾಚೆ ದಿಕ್ಕೆಟ್ಟು ಏಳುತ್ತಿರುವ ಹಿಂಡು. ಅದು ವಾಪಸು ಬಂತು. ಇದು ಪ್ರಕೃತಿ ವಿಭಾಗ, ಚಿತ್ರದಲ್ಲಿ ಮನುಷ್ಯ ಇರುವಂತಿಲ್ಲ ಎಂದು ಕಾರ್ಯದರ್ಶಿ ಫೋನಿನಲ್ಲಿ ತಿಳಿಸಿದ. ಪ್ರದರ್ಶನದ ದಿನ ಗ್ರಂಥಾಲಯದ ಹಾಲಿನ ಬಾಗಿಲಲ್ಲೇ ಡಾಕ್ಟರ ಚಿತ್ರ ಆಳೆತ್ತರಕ್ಕೆ ನಿಂತಿತ್ತು. ಕೆಂಪು ಸೂರ್ಯ, ಅದರ ಮುಂದೆ ರೆಕ್ಕೆ ಬಿಚ್ಚಿದ ಹಕ್ಕಿಗಳು. ಮೊದಲ ಬಹುಮಾನ. ಕೆಳಗೆ ಹೆಸರು: 'ಸ್ವಾತಂತ್ರ್ಯ'.

"ನೋಡಿದ್ರಾ ಅತ್ತಿಗೆ," ಎಂದಳು ನಾದಿನಿ, ಅಕ್ಕಪಕ್ಕದವರಿಗೂ ಕೇಳುವಂತೆ. "ಮನುಷ್ಯ ಕಂಡ್ರೆ ಪ್ರಕೃತಿ ಅಲ್ವಂತೆ. ಫೋಟೋದಾಚೆ ನಿಂತು ಕಲ್ಲು ಹೊಡೆದ್ರೆ ಪ್ರಕೃತಿಯಂತೆ."

ಅತ್ತಿಗೆ ನಗಲಿಲ್ಲ. ನೇರ ಅಂಗಡಿಗೆ ಬಂದು, ಗಾಜಿನ ಕಿಟಕಿಯಲ್ಲಿ ಕನ್ನಡಕ ತೊಟ್ಟು ಹಲ್ಲು ಕಿರಿಯುತ್ತಿದ್ದ ಹುಡುಗಿಯ ಪೋಸ್ಟರನ್ನು ಕಿತ್ತು, ಆ ಜಾಗದಲ್ಲಿ ತನ್ನ ಚಿತ್ರ ತೂಗುಹಾಕಿದಳು. ಕೆಳಗೊಂದು ರಟ್ಟಿನ ಮೇಲೆ ಬರೆದಳು: ಬಹುಮಾನದ ಹಕ್ಕಿಗಳು ಎದ್ದದ್ದು ಹೀಗೆ. ಗಂಡ ಹಿಂದಿನ ಕೋಣೆಯಿಂದ ಬಂದು ಓದಿ, ಹೆಂಡತಿಯ ಮುಖ ನೋಡಿದ. ಆಮೇಲೆ, ಚಿತ್ರ ಎಡಕ್ಕೆ ವಾಲಿದೆ ಎಂದು ಕೈಚಾಚಿ ನೆಟ್ಟಗೆ ಮಾಡಿ ಒಳಗೆ ಹೋದ.

ಜನ ನಿಂತು ನೋಡತೊಡಗಿದರು. ಕೆಲವರು ನಕ್ಕರು, ಹಕ್ಕಿಗೆ ಇಷ್ಟು ಹೊಟ್ಟೆ ಉರಿಸಿಕೊಳ್ಳುವುದೇ ಎಂದರು. ಕೆಲವರು ಬಾಗಿಲು ತೆರೆದು ಒಳಗೆ ಬಂದು, ನಿಜವೇ ಎಂದು ಕೇಳಿ ಹೋದರು. ಸುದ್ದಿ ಚಿಕಿತ್ಸಾಲಯದವರೆಗೆ ಹಬ್ಬಲು ತಡವಾಗಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರೇ ಬಂದರು. ಗಿರಾಕಿಗಳಿಗೆಂದು ಇಟ್ಟ ಕುರ್ಚಿಯಲ್ಲಿ ಕೂತು, ಎದುರಿನ ಕನ್ನಡಿಯಲ್ಲಿ ಕಂಡ ತಮ್ಮ ಮುಖದಿಂದ ಕಣ್ಣು ತಪ್ಪಿಸಿದರು.

"ಅದನ್ನ ತೆಗೆದುಬಿಡಿ. ನಿಮಗೆ ಕ್ಯಾಮೆರಾ ಹಿಡಿಯೋಕೆ ಕಲಿಸಿದವನು ನಾನು. ನನ್ನ ಮೊಮ್ಮಗಳು ಕೇಳ್ತಾಳೆ, ತಾತ ಯಾಕೆ ಕಲ್ಲು ಹೊಡೀತಿದ್ದಾರೆ ಅಂತ."

"ಏನ್ ಹೇಳಿದ್ರಿ ಅವಳಿಗೆ?"

ಡಾಕ್ಟರು ಮೇಜಿನ ಮೇಲಿದ್ದ ಫ್ರೇಮೊಂದನ್ನು ಎತ್ತಿ, ಮಡಚಿ, ಮತ್ತೆ ಅಲ್ಲೇ ಇಟ್ಟರು.

ಅತ್ತಿಗೆ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು. ಸ್ವರ ಏರಿಸಲಿಲ್ಲ. "ನೀವು ಕಲಿಸಿದ್ದು ನಾನು ಮರೆತಿಲ್ಲ. ಅದಕ್ಕೇ ಆ ಜಾಗ ತೋರಿಸ್ದೆ. ಬೇರೆ ಯಾರಾದ್ರೂ ಆಗಿದ್ರೆ ಬೈದು ಸುಮ್ಮನಾಗ್ತಿದ್ದೆ. ನನ್ನ ಪಕ್ಕದಲ್ಲೇ ಮಲಗಿ ಅವು ನಿದ್ದೆ ಮಾಡೋದನ್ನ ನೋಡಿದೋರು ನೀವು. ಗೊತ್ತಿದ್ದೂ ಎಬ್ಬಿಸಿದ್ರಿ. ಸಂಘದೋರ ಮುಂದೆ ಹಾಗಂತ ಹೇಳಿ, ಆ ಬಹುಮಾನ ವಾಪಸ್ ಮಾಡಿ. ಅವತ್ತೇ ತೆಗೀತೀನಿ."

ಡಾಕ್ಟರು ಎದ್ದು, ಎರವಲು ಕೊಟ್ಟ ಲೆನ್ಸನ್ನು ಕೇಳಿದರು. ಅವಳು ಬಟ್ಟೆಯಲ್ಲಿ ಒರೆಸಿ ಕೈಗಿಟ್ಟಳು. ಬಾಗಿಲು ದಡಾರನೆ ಮುಚ್ಚಿತು.

ಬಹುಮಾನ ಅವರ ಬಳಿಯೇ ಉಳಿಯಿತು. ಸಂಘದವರು ಅತ್ತಿಗೆಯನ್ನು ಕರೆಯುವುದನ್ನು ಬಿಟ್ಟರು. ಆದರೆ ಅದೇ ಸಂಘದ ಇಬ್ಬರು ಹೆಂಗಸರು ಒಂದು ಬೆಳಗ್ಗೆ ಬಂಡೆಯ ಹತ್ತಿರ ಕಾಯುತ್ತಿದ್ದರು. ಅಂದು ಸಾಲಿನಲ್ಲಿ ತಾವೂ ಇದ್ದೆವೆಂದೂ, ಮನೆಗೆ ಹೋದಮೇಲೆ ಆ ಫೋಟೋಗಳನ್ನು ಅಳಿಸಿದೆವೆಂದೂ ತಲೆತಗ್ಗಿಸಿ ಹೇಳಿದರು. ಅತ್ತಿಗೆಗೆ ಅವರ ಮೇಲೂ ಸಿಟ್ಟಿತ್ತು. ಆದರೂ ಸರಿದು, ಬಂಡೆಯ ಮರೆಯಲ್ಲಿ ಅವರಿಗೂ ಜಾಗ ಬಿಟ್ಟಳು. ನಾದಿನಿ ಫ್ಲಾಸ್ಕಿನ ಮುಚ್ಚಳದಲ್ಲೇ ಸರದಿಯ ಮೇಲೆ ಚಹಾ ಕೊಟ್ಟಳು.

ಹಿಂಡು ಬಂತು, ಅರ್ಧದಷ್ಟೇ. ಹಳೆಯ ದಿಬ್ಬಕ್ಕಲ್ಲ, ಹೊಳೆಯಾಚೆ, ತೀರ ದೂರದ ಮರಳಿನ ನಾಲಿಗೆಯ ಮೇಲೆ ಇಳಿಯಿತು. ಅತ್ತಿಗೆಯ ಬಳಿ ಉಳಿದಿದ್ದ ಪುಟ್ಟ ಲೆನ್ಸಿಗೆ ಅವು ಎಟುಕುವ ಮಾತೇ ಇರಲಿಲ್ಲ. ಬರೀ ಚುಕ್ಕೆಗಳು.

"ಏನೂ ಕಾಣಲ್ಲ ಅಲ್ವಾ ಅತ್ತಿಗೆ?" ನಾದಿನಿ ಪಿಸುಗುಟ್ಟಿದಳು.

"ಮಲಗಿವೆ," ಎಂದಳು ಅತ್ತಿಗೆ, ಕಣ್ಣು ತೆಗೆಯದೆ.