ಕೆಂಪಿಯ ನೆತ್ತಿಗೆ ಬಿದ್ದ ನೀರು

ತಂಬ್ರಹಳ್ಳಿಯ ನಾಗಕ್ಕನಿಗೆ ಹಾಲು ಕರೆಯುವ ಹೊತ್ತು ಅಂದರೆ ಕುಸ್ತಿಯ ಹೊತ್ತು. ಅವಳ ಜರ್ಸಿ ಹಸು ನೊಣ ಓಡಿಸಲು ತಲೆ ಕೊಡವಿದರೂ ಸಾಕು, ಕೊಂಬು ಪಕ್ಕೆಗೆ ತಿವಿಯುತ್ತಿತ್ತು. ಮೊನ್ನೆಯಂತೂ ಮೊಮ್ಮಗಳು ಅಮೃತಾಳ ಹುಬ್ಬು ಸೀಳಿತು. ಕಣ್ಣು ಉಳಿದದ್ದೇ ಪುಣ್ಯ. ಅಂದಿನಿಂದ ನಾಗಕ್ಕನಿಗೆ ಹಸುವಿನ ಎಳಗರು ಕೆಂಪಿಯ ತಲೆ ನೋಡಿದರೂ ದಿಗಿಲು.

ಅವಳ ಸ್ವಸಹಾಯ ಸಂಘದ ಭಾಗ್ಯ ಊರಿನ ದನಕರುಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿ. ಅವಳು ಕೆಂಪಿಯ ನೆತ್ತಿಯ ಕೂದಲಲ್ಲಿ ಬೆರಳಾಡಿಸಿದಳು.

"ನೋಡಕ್ಕ, ಹುಣಸಿ ಬೀಜದಂಗ ಕೊಂಬಿನ ಮೊಳಕಿ ಕೈಗೆ ಹತ್ತತೈತಿ. ಇನ್ನೂ ತಿಂಗಳು ತುಂಬಿಲ್ಲ. ಈಗ್ಲೇ ಡಾಕ್ಟ್ರ ಕಡಿಂದ ಸುಡಿಸಿದ್ರ ಕೊಂಬು ಬರಂಗಿಲ್ಲ. ಬೆಳೆದ ಮ್ಯಾಲೆ ಕೊಯ್ಯೋದಂದ್ರ ರಕ್ತಾನೂ ಜಾಸ್ತಿ, ನೋವೂ ಜಾಸ್ತಿ."

"ಕೂಸಿನ ತಲಿಗೆ ಬೆಂಕಿ ಇಡು ಅಂತಿಯಲ್ಲ, ನಿನಗ ಕರುಳಿಲ್ಲೇನು? ಕೊಂಬಿಲ್ಲಂದ್ರ ಕಾರಹುಣ್ಣಿವಿಗೆ ಯಾವುದಕ್ಕ ಬಣ್ಣ ಹಚ್ಚಲಿ?"

"ಮರಗಟ್ಟೋ ಇಂಜೆಕ್ಷನ್ ಕೊಟ್ಟೇ ಸುಡ್ತಾರಕ್ಕ. ಬಣ್ಣ ಮೈಗೆ ಹಚ್ಚು. ಅಮೃತಾನ ಹುಬ್ಬು ನೋಡಿ ಹೇಳು."

ನಾಗಕ್ಕ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಡಾಕ್ಟರು ಬಂದು ಕೆಲಸ ಮುಗಿಸಿದರು. ಸಂಜೆಗೆ ಕೆಂಪಿ ಎಂದಿನಂತೆ ಹಾಲು ಕುಡಿಯಿತು.

"ಗಾಯ ಒಣಗಿರಬೇಕು. ಹಕ್ಕಳಿ ತಾನಾಗೇ ಉದುರಬೇಕು. ನೊಣ ಕೂಡ್ರಬಾರದು, ದಿನಾ ನೋಡು" ಎಂದು ಭಾಗ್ಯ ಹೇಳಿ ಹೋದಳು.

ನಾಗಕ್ಕ ದಿನವೂ ನೋಡಿದಳು. ಆದರೆ ಸೋಮವಾರ ಬಂತು. ಸೋಮವಾರ ಬಸವಣ್ಣನ ವಾರ. ಎತ್ತಿಗೆ ನೊಗ ಇಡುವುದಿಲ್ಲ. ದನಗಳ ಮೈ ತೊಳೆದು ವಿಭೂತಿ ಹಚ್ಚದೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೆಂಪಿಯೊಂದನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ನೆತ್ತಿಯ ಮೇಲೇ ಚೊಂಬುಗಟ್ಟಲೆ ನೀರು ಸುರಿದಳು. ನೆನೆದ ಹಕ್ಕಳೆಯನ್ನು ಪ್ರೀತಿಯಿಂದಲೇ ಕಿತ್ತು, ಹಸಿ ಗಾಯಕ್ಕೆ ವಿಭೂತಿ ಮೆತ್ತಿದಳು.

ಕೆಲವೇ ದಿನಕ್ಕೆ ಗಾಯ ನಾರತೊಡಗಿತು. ಕೆಂಪಿ ಮೊಲೆಗೆ ಬಾಯಿ ಹಾಕದೆ ಗೋದಲಿಯ ಮಗ್ಗುಲಲ್ಲಿ ತಲೆ ಇಳಿಬಿಟ್ಟು ನಿಂತಿತು. ನಾಗಕ್ಕನಿಗೂ ಅನ್ನ ಸೇರಲಿಲ್ಲ. ಭಾಗ್ಯಳನ್ನು ಕರೆಸಿ, "ನಾನೇ ಕೈಯಾರೆ ಕೊಂದೆ ನನ್ನ ಕೂಸನ್ನ" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಭಾಗ್ಯ ಬೈಯಲಿಲ್ಲ. ಗಾಯದಲ್ಲಿ ಹುಳ ಕಂಡೊಡನೆ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಬಂದು ಹುಳ ತೆಗೆದು, ಔಷಧಿ ಹಾಕಿ, ಇಂಜೆಕ್ಷನ್ ಕೊಟ್ಟರು. ಇನ್ನೂ ತಡವಾಗಿದ್ದರೆ ಕರು ಉಳಿಯುತ್ತಿರಲಿಲ್ಲ ಎಂದರು.

"ಹಂಗಾರ ಸೋಮಾರ ಏನು ಮಾಡ್ಲಿ?" ನಾಗಕ್ಕ ಮೆಲ್ಲಗೆ ಕೇಳಿದಳು.

"ಮೈ ತೊಳಿಯಕ್ಕ, ವಿಭೂತಿ ಬೆನ್ನಿಗೆ ಹಚ್ಚು," ಎಂದಳು ಭಾಗ್ಯ. "ತಲಿಗೆ ಮಾತ್ರ ನೀರು ಬ್ಯಾಡ. ಬಸವಣ್ಣ ಸಿಟ್ಟಾಗಂಗಿಲ್ಲ."

ನಾಗಕ್ಕ ಬೇವಿನ ಸೊಪ್ಪು ಹಿಡಿದು ಕೆಂಪಿಯ ಪಕ್ಕದಲ್ಲೇ ಕುಳಿತು ನೊಣ ಓಡಿಸಿದಳು. ಒಂದು ಬೆಳಿಗ್ಗೆ ಕರು ಹಸಿದು ತಾಯಿಯ ಕೆಚ್ಚಲಿಗೆ ಗುದ್ದಿತು. ಅದನ್ನು ಕಂಡು ಅವಳು ಅತ್ತೇಬಿಟ್ಟಳು.

ಈಗ ಪಕ್ಕದ ಮನೆಯ ಪಾಲಣ್ಣನ ಹಸು ಈದಿದೆ. ಕರುವಿನ ಕೊಂಬು ಸುಡಿಸು ಎಂದರೆ, "ಕೊಂಬಿಲ್ಲದ ದನ ಏನು ಚೆಂದ?" ಎಂದು ಅವನ ತಕರಾರು.

"ಡಾಕ್ಟ್ರಿಗೆ ನಾನೇ ಫೋನ್ ಮಾಡ್ತೀನಿ," ಎಂದಳು ನಾಗಕ್ಕ. "ಸೋಮಾರ ನಿಮ್ಮ ಮನಿಗೂ ಬರ್ತೀನಿ. ಚೊಂಬು ನನ್ನ ಕೈಯಾಗಿರ್ಲಿ, ಕರುವಿನ ನೆತ್ತಿಗೆ ಹನಿ ನೀರು ಬೀಳಬಾರದು."

ನಿಮ್ಮ ಕೊಟ್ಟಿಗೆಯಲ್ಲೂ ಎಳಗರು ಇದೆಯೇ? ಇವತ್ತೇ ನೆತ್ತಿ ಮುಟ್ಟಿ ನೋಡಿ, ಪಶು ಆಸ್ಪತ್ರೆಗೆ ತಿಳಿಸಿ. ನೀವೇ ಕಬ್ಬಿಣ ಕಾಯಿಸಬೇಡಿ. ಗಾಯಕ್ಕೆ ಅರಿಸಿನ, ಬೂದಿ, ಎಣ್ಣೆ ಯಾವುದೂ ಬೇಡ. ಕೀವು ಕಂಡರೆ, ವಾಸನೆ ಬಂದರೆ, ಕರು ಹಾಲು ಕುಡಿಯದಿದ್ದರೆ ಅಂದೇ ಡಾಕ್ಟರನ್ನು ಕರೆಸಿ. ಮುದ್ದು ಉಕ್ಕಿ ಬಂದರೆ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ತುರಿಸಿ, ಬೆನ್ನು ಸವರಿ. ನೆತ್ತಿಯನ್ನು ಮಾತ್ರ, ವಾಸಿಯಾಗುವ ತನಕ, ಅದರ ಪಾಡಿಗೆ ಬಿಡಿ.