ಮೊದಲು ಬರಿ, ಆಮೇಲೆ ಬಿಚ್ಚು

ಗಡಿಯಾರ ರಿಪೇರಿಯ ಮಾವನವರ ಪ್ರಕಾರ ಜಗತ್ತಿನಲ್ಲಿ ಪುಕ್ಕಟೆ ಸಿಗುವುದು ಎರಡೇ: ಬುದ್ಧಿಮಾತು ಮತ್ತು ನೆಗಡಿ. ಮೂರನೆಯದನ್ನು ಅಳಿಯ ಸೇರಿಸಿದ್ದ. ಯಾರ ಗಡಿಯಾರ ಯಾವ ಡ್ರಾಯರಿನಲ್ಲಿದೆ ಎಂದು ನೆನಪಿಡಲು ಮಾವನ ಅಂಗಡಿಗೆಂದೇ ಡೇಟಾಬೇಸ್ ಬರೆದವನು, ಅದನ್ನು ಒಳಗುಟ್ಟಿನ ಸಮೇತ ಲೋಕಕ್ಕೆಲ್ಲ ಹಂಚಿಬಿಟ್ಟ. ಯಾರು ಬೇಕಾದರೂ ಬಳಸಬಹುದಂತೆ, ತಿದ್ದಬಹುದಂತೆ! ಮಗಳು ಮಾತ್ರ ಬಾಡಿಗೆ ಮನೆಯಲ್ಲಿ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಮಾವ ಗಿರಾಕಿಗಳೆದುರೇ ಅಳಿಯನನ್ನು ಹೊಗಳುತ್ತಿದ್ದರು.

ಮೊದಮೊದಲು ಅದು ಕೈಕೊಟ್ಟದ್ದೂ ಉಂಟು. ಒಮ್ಮೆ ಕರೆಂಟು ಹೋಗಿ, ಅರ್ಧ ಬರೆದ ವಿವರ ಅಳಿಸಿ, ನ್ಯಾಯಾಧೀಶರ ಗಡಿಯಾರ ಬಸ್ ಕಂಡಕ್ಟರನ ಕೈ ಸೇರಿತು. ಮಾವ ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಉಗಿದಿದ್ದರು: “ಯಾವ ಸ್ಕ್ರೂ ಬಿಚ್ತೀನಿ ಅಂತ ನಾನು ಮೊದಲು ಚೀಟೀಲಿ ಬರೀತೀನಿ, ಆಮೇಲೇ ಕೈ ಹಾಕೋದು. ಮಧ್ಯೆ ನಾನೇ ಗೊಟಕ್ ಅಂದ್ರೂ ಇನ್ನೊಬ್ಬ ಚೀಟಿ ನೋಡಿ ಜೋಡಿಸ್ತಾನೆ. ನಿಮ್ಮ ಯಂತ್ರಕ್ಕೆ ಅಷ್ಟೂ ಬುದ್ಧಿ ಬೇಡ್ವಾ, ಅಳಿಯಂದಿರೇ?”

ಅಳಿಯ ತಲೆಯಾಡಿಸಿ ಹೋಗಿದ್ದ.

ಆಮೇಲೆ ಅದು ಕೆಡಲೇ ಇಲ್ಲ. ದುಬಾರಿ ಡೇಟಾಬೇಸುಗಳು ಮುಗ್ಗರಿಸಿದ ಬ್ಯಾಂಕು, ಆಸ್ಪತ್ರೆಗಳಲ್ಲೆಲ್ಲ ಈ ಪುಕ್ಕಟೆಯದೇ ಓಡತೊಡಗಿತು. ಕೊನೆಗೆ ದೊಡ್ಡ ಕಂಪನಿಯೊಂದು ಕೊಳ್ಳಲು ಬಂತು. “ಇದನ್ನ ತಿದ್ದೋಕೆ ದೇಶದೇಶದಿಂದ ಕೈ ಹಾಕಿದೋರೆಲ್ಲ ಸಹಿ ಮಾಡಿದ್ರೆ ನಾನೂ ಮಾಡ್ತೀನಿ,” ಎಂದ ಅಳಿಯ, ಅದು ಆಗದ ಹೋಗದ ಮಾತೆಂಬ ಧೈರ್ಯದಲ್ಲಿ. ಮಾವನನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಗಳಿಗೊಂದು ಸ್ವಂತ ಸೂರಾಗಲೆಂದು ಅವರು ದೇಶದೇಶಕ್ಕೆ ಫೋನು ಹಚ್ಚಿ, ಗೋಗರೆದು, ಗದರಿಸಿ, ಎಲ್ಲರ ಸಹಿ ಹಾಕಿಸಿದರು.

ಕಂಪನಿಯ ಅಧಿಕಾರಿ ಕಾಗದ ಹಿಡಿದು ಅಂಗಡಿಗೇ ಬಂದ. “ಒಬ್ಬರದು ಬಾಕಿ.”

“ಯಾವನ್ರೀ ಅವನು ತಲೆಕೆಟ್ಟೋನು?”

“ನೀವೇ ಮಾವ,” ಎಂದ ಅಳಿಯ. “ಮೊದಲು ಬರೆದು ಆಮೇಲೆ ಕೈ ಹಾಕೋದು ನಿಮ್ಮ ಉಪಾಯ ಅಲ್ವಾ? ಅವತ್ತೇ ಅದನ್ನ ಡೇಟಾಬೇಸಿಗೆ ಹಾಕಿ, ಮಾಡಿದೋರ ಪಟ್ಟಿಗೆ ನಿಮ್ಮ ಹೆಸರು ಸೇರಿಸಿದ್ದೆ.”

ಮಾವನಿಗೆ ಎಂದೂ ಇಲ್ಲದ ಹೆಮ್ಮೆಯಾಯಿತು. ಅಳಿಯನ ಮೇಲಲ್ಲ, ತಮ್ಮ ಮೇಲೆಯೇ. ಪೆನ್ನು ತೆಗೆದರು.

“ಬೇಗ ಹಾಕಿ ಸರ್,” ಎಂದ ಅಧಿಕಾರಿ. “ಹೇಗೂ ಆ ಭಾಗ ಕಿತ್ತುಹಾಕ್ತೀವಿ. ಎರಡೆರಡು ಸಲ ಬರೆಯೋದು ದಂಡ.”

ಮಾವ ಪೆನ್ನಿನ ಮುಚ್ಚಳ ಹಾಕಿದರು. “ರಿಪೇರಿಗೆ ಗಡಿಯಾರ ಇದ್ರೆ ಕೊಡಿ. ಇಲ್ದಿದ್ರೆ ಜಾಗ ಬಿಡಿ, ಗಿರಾಕಿಗಳು ಕಾಯ್ತಿದ್ದಾರೆ.”

ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ.

ಸಂಜೆ ಬಂದ ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. “ಊರಿಗೆ ಉಪಕಾರಿ ಯಾರು ಅಂತ ಗೊತ್ತಾಯ್ತು,” ಎಂದಳು. “ಮನೆಗೆ ಮಾರಿ ಯಾರಪ್ಪಾ?”

ಅವಳ ಸೂರನ್ನು ತಾವೇ ಕೈಯಾರೆ ಕಳೆದದ್ದು ಮಾವನಿಗೆ ಗೊತ್ತಿತ್ತು. ಆದರೂ ಭೂತಗನ್ನಡಿ ಸಿಕ್ಕಿಸಿಕೊಂಡು, ಕೆಟ್ಟಿರದ ಒಂದು ಗಡಿಯಾರ ಎತ್ತಿಕೊಂಡು, ಬಿಚ್ಚುವ ಮೊದಲು ಚೀಟಿ ಬರೆಯಲು ಕೂತರು.