ಹಕ್ಕಿ ಕಾಯಲು ಹೋದ ನಾಸಿರ

ನಾಸಿರನಿಗೂ ಸೂರ್ಯನಿಗೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ರಾತ್ರಿಯೆಲ್ಲ ಲಾರಿ ಓಡಿಸಿ, ಹಗಲು ಕಿಟಕಿಗೆ ಗೋಣಿಚೀಲ ಕಟ್ಟಿ ಮಲಗಿದವನು ಅವನು. ಈಗ ಬೈಲಹೊಂಗಲದಲ್ಲಿ ಶಾಲೆಯ ಮಕ್ಕಳ ವ್ಯಾನು ಓಡಿಸುವ ಕೆಲಸ ಸಿಕ್ಕಿತ್ತು. ಆದರೆ ಹಾಳು ನಿದ್ದೆಗೆ ಅದನ್ನು ಯಾರು ಹೇಳಬೇಕು? ರಾತ್ರಿ ಕಣ್ಣು ಮುಚ್ಚದು, ಹಗಲು ತೆರೆಯದು. ಹೆಂಡತಿ ಫಿರದೋಸ್ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದ. ಹೋದ ವಾರ ತೂಕಡಿಸಿ ವ್ಯಾನನ್ನು ರಸ್ತೆ ಬದಿಯ ತಗ್ಗಿಗೆ ಇಳಿಸಿಬಿಟ್ಟಿದ್ದ. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆದರೆ ಮುಂದಿನ ಸೀಟಿನಲ್ಲಿ ಅವನ ಮಗಳು ಮಹೇಕ್ ಕೂತಿದ್ದಳು. ಅವತ್ತಿನಿಂದ ಅವನಿಗೆ ವ್ಯಾನಿನ ಕೀಲಿ ಮುಟ್ಟಲೂ ಭಯ.

ಸಂಪಗಾಂವದಿಂದ ತಾಯಿ ಹುಸೇನಮಾ ಫೋನು ಮಾಡಿದಳು. "ಹೊಲಕ್ಕ ಬಾ. ಜ್ವಾಳ ಕಾಳ ಕಟ್ಟೇತಿ, ಹಕ್ಕಿ ಕಾಯಾಕ ಮಂದಿ ಇಲ್ಲ."

"ನಿದ್ದಿ ಇಲ್ದಾವನ್ನ ಕಾವಲಿಗೆ ಕರೀತಿಯೇನ ಅಮ್ಮಾ?"

"ನಿನಗಿಂತ ಚಲೋ ಕಾವಲುಗಾರ ಯಾವಾಂವ ಸಿಗತಾನ, ಬೇಟಾ?"

ರಜೆ ಹಾಕಿ ಹೋದ. ಮುದುಕಿ ಅವನ ಮೊಬೈಲು ಕಸಿದು ಸೆರಗಿಗೆ ಗಂಟು ಹಾಕಿದಳು. ಮೂಡಣ ಕೆಂಪಾಗುವ ಮೊದಲೇ ಎಬ್ಬಿಸಿ, ಕೈಗೆ ಕವಣೆ ಕೊಟ್ಟು ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿಸಿ ನಿಲ್ಲಿಸಿದಳು. ದಿನವಿಡೀ ಕೂಗಿ ಅವನ ಗಂಟಲು ಕಟ್ಟಿತು. ರಾತ್ರಿ ಮಾತ್ರ ಹೊಲ ಕಾಯುವ ಅಟ್ಟಣಿಗೆಯ ಮೇಲೆ ಹೊರಳಾಡಿ, ಬಾಯಿಗೆ ಬಂದಂತೆ ಕತ್ತಲನ್ನು ಬೈದ. ಮರುದಿನವೂ ಅದೇ ಹಾಡು.

ಒಂದು ಸಂಜೆ ಹಕ್ಕಿಗಳು ಮುಗಿಲು ಕವಿದಂತೆ ಬಂದವು. ಬೀಸಿದರೂ ಹೋಗಲಿಲ್ಲ, ಬೈದರೂ ಹೋಗಲಿಲ್ಲ. ಆಮೇಲೆ ಸೂರ್ಯ ಎರೆಹೊಲದ ಅಂಚಿಗೆ ತಾಗಿದ. ಅಬ್ಬಾ! ಅಷ್ಟೂ ಹಕ್ಕಿ ಒಮ್ಮೆಲೇ ಎದ್ದವು, ಒಮ್ಮೆಲೇ ತಿರುಗಿದವು, ಹಳ್ಳದ ಜಾಲಿಮರಗಳಲ್ಲಿ ಇಳಿದು ಒಂದಿಷ್ಟು ಗದ್ದಲ ಮಾಡಿ ಸುಮ್ಮನಾದವು. ಹೊಲದಲ್ಲಿ ಒಂದು ಚಿಲಿಪಿಲಿಯೂ ಇಲ್ಲ. ನಾಸಿರನ ಕೈಯಲ್ಲಿ ಎತ್ತಿದ ಕವಣೆ ಎತ್ತಿದಂತೆಯೇ ಇತ್ತು.

"ಇವಕ್ಕ ಯಾರ ಹೇಳಿದ್ರಮ್ಮಾ?"

"ಯಾರ ಹೇಳಬೇಕೊ? ಹೊತ್ತು ಮುಣಗಿತು. ದನಕ್ಕ ಗೊತ್ತೈತಿ, ಹೂವಿಗೆ ಗೊತ್ತೈತಿ. ನಿಮ್ಮ ಟ್ಯೂಬಲೈಟಿಗೆ ಅಷ್ಟ ಗೊತ್ತಿಲ್ಲ."

ಇಷ್ಟು ದೊಡ್ಡದು ದಿನಾ ತಲೆಯ ಮೇಲೆ ನಡೆಯುತ್ತಿತ್ತು, ತಾನು ಕಿಟಕಿಗೆ ಗೋಣಿ ಕಟ್ಟಿಕೊಂಡು ಬಿದ್ದಿದ್ದೆನಲ್ಲ ಎಂದು ನಾಸಿರನಿಗೆ ನಾಚಿಕೆಯಾಯಿತು. ರೊಟ್ಟಿ ತಿಂದು ಕಂಬಳಿ ಹೊದ್ದ. ಪಾದಗಳು ಮೊದಲು ಭಾರವಾದವು, ಆಮೇಲೆ ಮೊಣಕಾಲು. ಮುಂದಿನದು ಅವನಿಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಮಾರುದ್ದ ಏರಿತ್ತು. ಕಿವಿ ತುಂಬ ಹಕ್ಕಿಗಳ ಸದ್ದು. ಧಡಕ್ಕನೆ ಎದ್ದು ನೋಡಿದರೆ ಅಟ್ಟಣಿಗೆಯ ಸುತ್ತಲಿನ ಸಾಲುಗಳ ತೆನೆಗಳೆಲ್ಲ ಕಾಳಿಲ್ಲದ ಬರೀ ಬೆಂಡು! ಕೆಳಗೆ ಹುಸೇನಮಾ ಕವಣೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಕವಣೆಕಲ್ಲಿನ ಗುಡ್ಡೆ ನಿನ್ನೆ ಇದ್ದ ಹಾಗೆಯೇ ಇತ್ತು.

"ಅಮ್ಮಾ! ಬೆಳಿ ತಿಂದು ಹಾಕ್ಯಾವಲ್ಲ! ಯಾಕ ಓಡಸ್ಲಿಲ್ಲ?"

ಮುದುಕಿ ತಲೆಯೆತ್ತಿ ಮಗನ ಕಣ್ಣುಗಳನ್ನೇ ನೋಡಿದಳು.

"ಕೂಗಿದ್ರ ನಿನಗ ಎಚ್ಚರ ಆಗತಿತ್ತಲ್ಲೊ."